ಪ್ಲಿಮತ್‌ನ ವಲಸಿಗರ ಮನೆಯಲ್ಲಿ ದಿನ ಹೇಗೆ ಕಳೆಯುತ್ತಿತ್ತು?

ಪ್ರಶ್ನೆ: ನಾವು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದೇವೆ. ಮಗಳು ಮೂರನೇ ಕ್ಲಾಸು. ಮುಂದಿನ ತಿಂಗಳು ಅವಳನ್ನು ಶಾಲೆಯಿಂದ ಪ್ಲಿಮತ್‌ಗೆ ಕರೆದುಕೊಂಡು ಹೋಗುತ್ತಾರೆ. ಅವಳ ಪುಸ್ತಕದಲ್ಲಿ ಹಡಗು, ಕಪ್ಪು ಬಟ್ಟೆ, ಟರ್ಕಿ ಕೋಳಿಯ ಹಬ್ಬ ಬಿಟ್ಟರೆ ಜಾಸ್ತಿ ಏನೂ ಇಲ್ಲ. "ದಿನಾ ಏನು ತಿಂತಿದ್ರು? ಯಾರು ಅಡುಗೆ ಮಾಡ್ತಿದ್ರು? ಮಕ್ಕಳು ಏನ್ಮಾಡ್ತಿದ್ರು?" ಅಂತ ಕೇಳುತ್ತಾಳೆ. ವಸಾಹತು ಕಾಲದ ಆ ಜನರ ದಿನನಿತ್ಯದ ಬದುಕು ಹೇಗಿತ್ತು, ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ: ನಿಮ್ಮ ಮಗಳ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಬಹಳ ವರ್ಷ ಈ ಕಾಲದ ಚರಿತ್ರೆ ಪಾಠ ಮಾಡಿದವನು ನಾನು. ಹಡಗಿನಿಂದ ಶುರು ಮಾಡಿದಾಗ ಹುಡುಗರಿಗೆ ಇಸವಿ ಮಾತ್ರ ನೆನಪಿರುತ್ತಿತ್ತು. ಅಡುಗೆಮನೆಯಿಂದ ಶುರು ಮಾಡಿದಾಗ ಜನ ಕಾಣಿಸುತ್ತಿದ್ದರು. ಅದಕ್ಕೇ ಇಲ್ಲೂ ಬೆಂಕಿಯ ಮೇಲೆ ನೇತಾಡುತ್ತಿದ್ದ ಒಂದು ಕಬ್ಬಿಣದ ಪಾತ್ರೆಯಿಂದ ಶುರು ಮಾಡುತ್ತೇನೆ. ಅದರಲ್ಲಿ ದಿನಾ ಬೇಯುತ್ತಿದ್ದದ್ದು ಮುಸುಕಿನ ಜೋಳ. ಆ ಜೋಳದ ಬೀಜ ಅವರದಲ್ಲ, ಬೆಳೆಯುವ ವಿದ್ಯೆ ಅವರದಲ್ಲ, ಬೆಳೆದ ಹೊಲವನ್ನು ಹದ ಮಾಡಿದವರೂ ಅವರಲ್ಲ. ಪ್ಲಿಮತ್‌ನ ಬದುಕು ಅರ್ಥವಾಗಬೇಕಾದರೆ ಈ ಮೂರು ಮಾತು ಮೊದಲು ತಿಳಿದಿರಬೇಕು.

ಮೊದಲ ವರ್ಷದ ಕಥೆ ನಿಮ್ಮ ಮಗಳ ಪುಸ್ತಕದಲ್ಲಿ ಇದ್ದೇ ಇರುತ್ತದೆ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. 1620ರ ನವೆಂಬರ್‌ನಲ್ಲಿ ಇಂಗ್ಲೆಂಡಿನಿಂದ ಹೊರಟ ಮೇಫ್ಲವರ್ ಹಡಗು 102 ಪ್ರಯಾಣಿಕರನ್ನು ಹೊತ್ತು, ಪ್ಲಿಮತ್ ಹತ್ತಿರದ ಕೇಪ್ ಕಾಡ್ ಭೂಶಿರ ಮುಟ್ಟಿತು. ಚಳಿಗಾಲ ಶುರುವಾಗಿತ್ತು. ಬಿತ್ತುವ ಕಾಲ ಎಂದೋ ಮುಗಿದಿತ್ತು. ವಸಂತ ಬರುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಸತ್ತಿದ್ದರು. ಕಾಯಿಲೆ ಜೋರಾಗಿದ್ದ ದಿನಗಳಲ್ಲಿ ಎದ್ದು ಓಡಾಡುವ ಶಕ್ತಿ ಇದ್ದವರು ಆರೇಳು ಜನ ಮಾತ್ರ. ಅವರೇ ಸೌದೆ ತಂದು, ಬೆಂಕಿ ಹಾಕಿ, ಉಳಿದವರ ಹೊಲಸು ಬಟ್ಟೆ ಒಗೆದರು ಎಂದು ಮುಂದೆ ಅಲ್ಲಿನ ಗವರ್ನರ್ ಆದ ವಿಲಿಯಂ ಬ್ರಾಡ್‌ಫರ್ಡ್ ಬರೆದಿಟ್ಟಿದ್ದಾನೆ.

ಈಗ ಜೋಳಕ್ಕೆ ಬರೋಣ. ಹಡಗಿನಿಂದ ಇಳಿದ ಕೆಲವೇ ದಿನಗಳಲ್ಲಿ, ಕೇಪ್ ಕಾಡ್‌ನ ಮರಳು ದಿಬ್ಬದಲ್ಲಿ ಇವರಿಗೆ ನೆಲ ಅಗೆದು ಮುಚ್ಚಿದ ಗುರುತು ಕಾಣಿಸಿತು. ತೋಡಿದರೆ ಬುಟ್ಟಿಗಟ್ಟಲೆ ಜೋಳ. ನಮ್ಮ ಹಳ್ಳಿಗಳಲ್ಲಿ ಹಗೇವು ಇರುತ್ತಿತ್ತಲ್ಲ, ಕಾಳು ಕೆಡದಂತೆ ನೆಲದೊಳಗೆ ತುಂಬಿ ಇಡುವುದು, ಥೇಟ್ ಅದೇ. ಅಲ್ಲಿನ ಮೂಲನಿವಾಸಿಗಳಾದ ನಾಸೆಟ್ ಜನ ಚಳಿಗಾಲಕ್ಕೂ ಬಿತ್ತನೆಗೂ ಎಂದು ಕೂಡಿಟ್ಟಿದ್ದ ಕಾಳು ಅದು. ಇವರು ಹೊತ್ತುಕೊಂಡು ಬಂದರು. ಮುಂದಿನ ವರ್ಷ ಇವರು ಹೊಲಕ್ಕೆ ಹಾಕಿದ ಬೀಜ ಅದೇ.

ಹೊಲದ ಕಥೆ ಇನ್ನೂ ಮನಸ್ಸಿಗೆ ನಾಟುತ್ತದೆ. ಇವರು ಪ್ಲಿಮತ್ ಎಂದು ಕರೆದ ಜಾಗದ ಹೆಸರು ಪಟುಕ್ಸೆಟ್. ಅದು ಆ ಸೀಮೆಯ ಮೂಲನಿವಾಸಿಗಳಾದ ವಾಂಪನೋಗ್ ಜನರ ಊರು. 1616ರಿಂದ 1619ರ ನಡುವೆ ಯುರೋಪಿನ ಹಡಗುಗಳ ಜೊತೆ ಬಂದ ಸಾಂಕ್ರಾಮಿಕ ರೋಗ ಆ ಕರಾವಳಿಯ ಊರೂರನ್ನೇ ಖಾಲಿ ಮಾಡಿತ್ತು. ಪಟುಕ್ಸೆಟ್‌ನಲ್ಲಿ ಒಬ್ಬರೂ ಉಳಿದಿರಲಿಲ್ಲ. ಕಾಡು ಕಡಿದು ಹದ ಮಾಡಿದ ಹೊಲ, ಸಿಹಿನೀರಿನ ಹಳ್ಳ, ಎಲ್ಲ ಇತ್ತು, ಜನ ಇರಲಿಲ್ಲ. ಆ ಊರಿನವನೇ ಆದ ಟಿಸ್ಕ್ವಾಂಟಮ್ ಬದುಕಿ ಉಳಿದದ್ದು, 1614ರಲ್ಲಿ ಒಬ್ಬ ಇಂಗ್ಲಿಷ್ ಹಡಗಿನ ಕಪ್ತಾನ ಅವನನ್ನು ಹಿಡಿದುಕೊಂಡು ಹೋಗಿ ಸ್ಪೇನ್‌ನಲ್ಲಿ ಮಾರಲು ಹೊರಟಿದ್ದರಿಂದ. ಹೇಗೋ ಲಂಡನ್ ಸೇರಿ, ಇಂಗ್ಲಿಷ್ ಕಲಿತು, 1619ರಲ್ಲಿ ಊರಿಗೆ ಬಂದ. ಬಂದು ನೋಡಿದರೆ ಮನೆಯೂ ಇಲ್ಲ, ಮನೆಯವರೂ ಇಲ್ಲ. ಪಠ್ಯಪುಸ್ತಕದಲ್ಲಿ ಅವನು 'ಸಹಾಯ ಮಾಡಿದ ಸ್ಕ್ವಾಂಟೊ' ಆಗಿ ಒಂದು ಸಾಲಿನಲ್ಲಿ ಬಂದುಹೋಗುತ್ತಾನೆ. ತನ್ನ ಬಂಧುಗಳೆಲ್ಲ ಸತ್ತ ನೆಲದಲ್ಲಿ ನಿಂತು ಪರದೇಶದವರಿಗೆ ಬಿತ್ತನೆ ಹೇಳಿಕೊಟ್ಟವನು ಆತ ಎಂದು ನಿಮ್ಮ ಮಗಳಿಗೆ ದಯವಿಟ್ಟು ಹೇಳಿ.

ಆತ ಹೇಳಿಕೊಟ್ಟದ್ದು ಹೀಗೆ. ಓಕ್ ಮರದ ಚಿಗುರೆಲೆ ಇಲಿಯ ಕಿವಿಯಷ್ಟು ದೊಡ್ಡದಾದಾಗ ಜೋಳ ಬಿತ್ತಬೇಕು ಎಂಬ ಮಾತು ಆ ಸೀಮೆಯಲ್ಲಿ ಇವತ್ತಿಗೂ ಇದೆ. ನಾವು ರೋಹಿಣಿ ಮಳೆ, ಮೃಗಶಿರ ಮಳೆ ನೋಡಿ ಬಿತ್ತುವ ಹಾಗೆ. ಆ ಹೊತ್ತಿಗೆ ಸರಿಯಾಗಿ ಸಮುದ್ರದಿಂದ ಹಳ್ಳಕ್ಕೆ ಹೆರಿಂಗ್ ಜಾತಿಯ ಮೀನು ಹಿಂಡುಹಿಂಡಾಗಿ ಏರಿ ಬರುತ್ತದೆ. ಮಣ್ಣು ಗುಡ್ಡೆ ಮಾಡಿ, ಪ್ರತಿ ಗುಡ್ಡೆಗೆ ಎರಡು ಮೂರು ಮೀನು ಹೂತು, ಮೇಲೆ ನಾಲ್ಕಾರು ಕಾಳು ಹಾಕುವುದು. ಮೀನಿನ ವಾಸನೆಗೆ ತೋಳ ಬಂದು ಕೆದಕುತ್ತದೆ, ಆದ್ದರಿಂದ ರಾತ್ರಿ ಕಾವಲು ಬೇಕು. ಜೋಳದ ಬುಡದಲ್ಲಿ ಹುರುಳಿಕಾಯಿ ಬಳ್ಳಿ, ಸಾಲಿನ ನಡುವೆ ಕುಂಬಳ. ಬಳ್ಳಿ ಜೋಳದ ದಂಟಿಗೆ ಹಬ್ಬುತ್ತದೆ, ಕುಂಬಳದ ಎಲೆ ನೆಲ ಮುಚ್ಚಿ ಕಳೆ ತಡೆಯುತ್ತದೆ. ನಮ್ಮ ರೈತರು ರಾಗಿ ಹೊಲದಲ್ಲಿ ಅಕ್ಕಡಿ ಹಾಕಿ ಅವರೆ, ಹುಚ್ಚೆಳ್ಳು ಬೆಳೆಯುತ್ತಾರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ವಾಂಪನೋಗ್ ಜನರಲ್ಲಿ ಈ ಬೇಸಾಯವೆಲ್ಲ ಹೆಂಗಸರ ಕೈಯಲ್ಲಿತ್ತು ಎಂಬುದನ್ನೂ ಸೇರಿಸಿ ಹೇಳಿ.

1621ರಲ್ಲಿ ಇವರು ಸುಮಾರು 20 ಎಕರೆ ಜೋಳ ಬಿತ್ತಿದರು. ಎತ್ತು ಇಲ್ಲ, ಕುದುರೆ ಇಲ್ಲ. ಎಲ್ಲಾ ಗುದ್ದಲಿಯಲ್ಲೇ ಆಗಬೇಕು. ಇಂಗ್ಲೆಂಡಿನಿಂದ ತಂದ ಬಾರ್ಲಿ ಸುಮಾರಾಗಿ ಬಂತು, ಬಟಾಣಿ ಬಿಸಿಲಿಗೆ ಸುಟ್ಟುಹೋಯಿತು. ಕೈ ಹಿಡಿದದ್ದು ಜೋಳ ಒಂದೇ.

ಬೆಳೆದ ಮೇಲೆ ಅದನ್ನು ತಿನ್ನುವ ಹಾಗೆ ಮಾಡುವುದು ಇನ್ನೊಂದು ದೊಡ್ಡ ಕೆಲಸ. 1636ರಲ್ಲಿ ಹಳ್ಳಕ್ಕೆ ನೀರಿನ ಗಿರಣಿ ಬರುವವರೆಗೆ ಹಿಟ್ಟಿಗೆ ಒರಳು ಒನಕೆಯೇ ಗತಿ. ಗಟ್ಟಿ ಮರದ ದಿಮ್ಮಿ ತೋಡಿ ಒರಳು ಮಾಡುತ್ತಿದ್ದರು. ಒಣಗಿದ ಮುಸುಕಿನ ಜೋಳ ಎಷ್ಟು ಗಟ್ಟಿ ಅಂತ ನಿಮಗೆ ಗೊತ್ತಲ್ವಾ? ಒಂದು ಮನೆಯ ಒಂದು ದಿನದ ಊಟಕ್ಕೆ ಕುಟ್ಟುವಷ್ಟರಲ್ಲಿ ರಟ್ಟೆ ಸೋಲುತ್ತದೆ. ನುಣ್ಣಗಾದದ್ದು ಹಿಟ್ಟು, ತರಿಯಾದದ್ದು ನುಚ್ಚು. ಆ ನುಚ್ಚನ್ನು ನೀರಲ್ಲಿ ಗಂಟೆಗಟ್ಟಲೆ ಬೇಯಿಸಿ ತಿನ್ನುತ್ತಿದ್ದರು. ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಜೋಳದ ನುಚ್ಚು ಅಂದರೆ ಸಾಕು. ಬೆಳಿಗ್ಗೆ ಅದೇ, ಮಧ್ಯಾಹ್ನ ಅದಕ್ಕೆ ಹುರುಳಿಕಾಯಿ ಬೀಜವೋ ಮೀನೋ ಸೇರಿಸಿ ಗಟ್ಟಿಯಾಗಿ, ರಾತ್ರಿ ಉಳಿದದ್ದು. ದಿನದ ದೊಡ್ಡ ಊಟ ಮಧ್ಯಾಹ್ನದ್ದು. ಮರದ ತಟ್ಟೆ, ಎಷ್ಟೋ ಸಲ ಇಬ್ಬರಿಗೆ ಒಂದು. ಚಮಚ ಇತ್ತು, ಚಾಕು ಇತ್ತು, ಫೋರ್ಕ್ ಇರಲಿಲ್ಲ. ಉಳಿದದ್ದೆಲ್ಲ ಕೈಯಲ್ಲೇ. ಶಾಲೆಯ ಡಬ್ಬಿಯಲ್ಲಿ ಚಪಾತಿ ಪಲ್ಯ ತೆಗೆದುಕೊಂಡು ಹೋಗುವ ಹುಡುಗಿಗೆ ಈ ವಿಷಯ ಖುಷಿ ಕೊಡಬಹುದು.

ಇನ್ನೊಂದು ಸಂಗತಿ ಕೇಳಿದರೆ ಈಗಿನವರಿಗೆ ಆಶ್ಚರ್ಯವಾಗುತ್ತದೆ. 1623ರಲ್ಲಿ ಹೊಸ ಹಡಗಿನಲ್ಲಿ ನೆಂಟರು, ಗೆಳೆಯರು ಬಂದಿಳಿದಾಗ ಅವರ ಮುಂದೆ ಇಡಲು ಇದ್ದದ್ದು ಲಾಬ್‌ಸ್ಟರ್ ಇಲ್ಲವೇ ಒಂದು ತುಂಡು ಮೀನು, ಜೊತೆಗೆ ಒಂದು ಲೋಟ ಒರತೆಯ ನೀರು. ರೊಟ್ಟಿ ಇರಲಿಲ್ಲ. ರೊಟ್ಟಿ ಇಲ್ಲದೆ ಬರೀ ಸಮುದ್ರದ ಏಡಿ ಮೀನು ಬಡಿಸಬೇಕಾಯಿತಲ್ಲ ಎಂಬ ಸಂಕಟ ಬ್ರಾಡ್‌ಫರ್ಡ್‌ನ ಬರಹದಲ್ಲಿದೆ. ಹಾಲು, ಬೆಣ್ಣೆಯೂ ಇಲ್ಲ. ಮೊದಲ ಹಸುಗಳು ಬಂದದ್ದು 1624ರಲ್ಲಿ. 1627ರಲ್ಲಿ ಇದ್ದ ದನಗಳನ್ನೆಲ್ಲ ಹಂಚುವಾಗ ಊರಿನ ಜನರನ್ನು 13 ಜನರ 12 ಗುಂಪು ಮಾಡಿದರು. ಒಂದೊಂದು ಗುಂಪಿಗೆ ಒಂದೆರಡು ಹಸು, ಕರು, ಮೇಕೆ ಬಂದವು. ಒಂದು ಹಸುವಿನ ಹಾಲಿಗೆ ಎಷ್ಟು ಜನ ಕಾಯುತ್ತಿದ್ದರು ನೋಡಿ.

ಮನೆ ಅಂದರೆ ಒಂದು ದೊಡ್ಡ ಕೋಣೆ. ಮರದ ಚೌಕಟ್ಟು, ಹಲಗೆ ಗೋಡೆ, ಹುಲ್ಲಿನ ಸೂರು, ಮೇಲೆ ಮಕ್ಕಳು ಮಲಗಲು, ಸಾಮಾನು ಇಡಲು ಒಂದು ಅಟ್ಟ. ಕಿಟಕಿಗೆ ಗಾಜು ಇಲ್ಲ. 1621ರ ಕೊನೆಯಲ್ಲಿ ವಲಸಿಗರಲ್ಲೊಬ್ಬನಾದ ಎಡ್ವರ್ಡ್ ವಿನ್ಸ್ಲೋ ಇಂಗ್ಲೆಂಡಿನ ಗೆಳೆಯನಿಗೆ ಬರೆದ ಕಾಗದದಲ್ಲಿ ಬರುವಾಗ ಏನೇನು ತರಬೇಕು ಎಂದು ಹೇಳುತ್ತಾನೆ: ಕಿಟಕಿಗೆ ಕಾಗದ ಮತ್ತು ಅಗಸೆ ಎಣ್ಣೆ, ದೀಪಕ್ಕೆ ಹತ್ತಿಯ ನೂಲು, ನಿಂಬೆ ರಸ. ಕಾಗದಕ್ಕೆ ಎಣ್ಣೆ ಸವರಿ ಕಿಟಕಿಗೆ ಹಚ್ಚಿದರೆ ಮಬ್ಬು ಬೆಳಕು ಒಳಗೆ ಬರುತ್ತದೆ, ಗಾಳಿ ಬರುವುದಿಲ್ಲ. ಆ ಮನೆಗಳ ಒಳಗೆ ಹಗಲಲ್ಲೂ ಸಂಜೆಯ ಬೆಳಕು. ರಾತ್ರಿ ಮೀನೆಣ್ಣೆಯ ದೀಪ, ಇಲ್ಲವೇ ಅಂಟಿರುವ ಪೈನ್ ಮರದ ಸೀಳು ಹೊತ್ತಿಸಿದ ಬೆಳಕು.

ಬೆಂಕಿ ಆರಬಾರದು. ನಮ್ಮಜ್ಜಿ ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಿದ್ದರು, ಬೆಳಿಗ್ಗೆ ಬೂದಿ ಸರಿಸಿ ಊದಿದರೆ ಒಲೆ ಹೊತ್ತಿಕೊಳ್ಳುತ್ತಿತ್ತು. ಅಲ್ಲಿಯ ಹೆಂಗಸರೂ ಹಾಗೇ ಮಾಡುತ್ತಿದ್ದರು. ಆರಿಹೋದರೆ ಪಕ್ಕದ ಮನೆಯಿಂದ ಕೆಂಡ ತರಬೇಕು. ಆದರೆ ಹುಲ್ಲಿನ ಸೂರಿನ ಕೆಳಗೆ ಆ ಬೆಂಕಿಯೇ ಶತ್ರು. 1621ರ ಜನವರಿಯಲ್ಲಿ, ಕಾಯಿಲೆಯವರು ಮಲಗಿದ್ದ ಮನೆಯ ಸೂರಿಗೇ ಕಿಡಿ ಹಾರಿ ಹೊತ್ತಿಕೊಂಡಿತು. ಮುಂದೆ ಹುಲ್ಲಿನ ಸೂರು ಹಾಕಬಾರದು, ಹಲಗೆಯೇ ಹಾಕಬೇಕು ಎಂದು ಊರಿನ ನಿಯಮವೇ ಬಂತು.

ಸೌದೆಯ ಲೆಕ್ಕ ಕೇಳಿ. ವಸಾಹತು ಕಾಲದಲ್ಲಿ, ಪ್ಲಿಮತ್ ಇರುವ ಅಮೆರಿಕದ ಈಶಾನ್ಯ ಸೀಮೆಯಾದ ನ್ಯೂ ಇಂಗ್ಲೆಂಡ್‌ನಲ್ಲಿ ಒಂದು ಮನೆಗೆ ವರ್ಷಕ್ಕೆ ಸುಮಾರು 30 'ಕಾರ್ಡ್' ಸೌದೆ ಬೇಕಿತ್ತು ಎನ್ನುತ್ತಾರೆ. ನಾಲ್ಕು ಅಡಿ ಎತ್ತರ, ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದದ ಒಟ್ಟಿಲು ಒಂದು ಕಾರ್ಡ್. ಅಂಥವು ಮೂವತ್ತು! ಕಡಿಯಬೇಕು, ಎಳೆದು ತರಬೇಕು, ಸೀಳಬೇಕು, ಮಳೆ ಹಿಮ ತಾಗದಂತೆ ಒಟ್ಟಬೇಕು. ಮಗಳಿಗೆ "ಗಂಡಸರು ಏನ್ಮಾಡ್ತಿದ್ರು?" ಎಂಬ ಪ್ರಶ್ನೆ ಬಂದರೆ ಬೇಸಾಯದ ಜೊತೆಗೆ ಇದನ್ನು ಹೇಳಿ. ಪ್ರಯಾಣಕ್ಕೆ ಹಣ ಹಾಕಿದ ಲಂಡನ್ ವ್ಯಾಪಾರಿಗಳ ಸಾಲ ತೀರಿಸಲು ಬೀವರ್ ಎಂಬ ಪ್ರಾಣಿಯ ತುಪ್ಪಳು ಚರ್ಮದ ವ್ಯಾಪಾರ ಬೇರೆ.

ಸೌದೆ ಉರಿದ ಮೇಲೆ ಉಳಿದ ಬೂದಿಯೂ ದಂಡವಾಗುತ್ತಿರಲಿಲ್ಲ. ಅದರಿಂದ ಸೋಪು ಮಾಡುತ್ತಿದ್ದರು. ಈ ಕೆಲಸ ವಿವರವಾಗಿ ಹೇಳುತ್ತೇನೆ, ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ತಳದಲ್ಲಿ ತೂತಿರುವ ಮರದ ಪೀಪಾಯಿ. ಒಳಗೆ ಮೊದಲು ಒಣಹುಲ್ಲು, ಮೇಲೆ ವರ್ಷವಿಡೀ ಕೂಡಿಟ್ಟ ಬೂದಿ. ಮೇಲಿಂದ ಸ್ವಲ್ಪ ಸ್ವಲ್ಪವೇ ನೀರು ಹೊಯ್ದರೆ ಕೆಳಗೆ ಕಂದು ಬಣ್ಣದ ಬೂದಿನೀರು ತೊಟ್ಟಿಕ್ಕುತ್ತದೆ. ಅದು ಕೈ ಸುಡುವಷ್ಟು ಖಾರ. ಹದ ಆಗಿದೆಯಾ ಇಲ್ಲವಾ ಎಂದು ನೋಡಲು ಅದರಲ್ಲಿ ಒಂದು ಕೋಳಿಮೊಟ್ಟೆ ಬಿಡುತ್ತಿದ್ದರು. ಮುಳುಗಿದರೆ ನೀರು ತೆಳು, ಮತ್ತೆ ಬೂದಿಯ ಮೇಲೆ ಹೊಯ್ಯಬೇಕು. ಮೊಟ್ಟೆ ತೇಲಿ, ಮೇಲೆ ಒಂದು ನಾಣ್ಯದಷ್ಟು ಭಾಗ ಕಾಣಿಸಿದರೆ ಹದ ಸರಿ. ಆಮೇಲೆ ಅಂಗಳದಲ್ಲಿ ದೊಡ್ಡ ಹಂಡೆಯಿಟ್ಟು, ಕೂಡಿಟ್ಟ ಕೊಬ್ಬಿನ ಜೊತೆ ದಿನವಿಡೀ ಕುದಿಸುವುದು. ಬರುವುದು ಗಟ್ಟಿ ಸೋಪಲ್ಲ, ಲೋಳೆಯಂಥ ಮೆತ್ತನೆಯದು. ನ್ಯೂ ಇಂಗ್ಲೆಂಡ್‌ನ ಹೆಂಗಸರು ತಲೆಮಾರುಗಟ್ಟಲೆ ಇದನ್ನು ಮಾಡಿದರು. ಕೊಬ್ಬು ಸಿಗಲು ಹಂದಿ, ದನ ಇರಬೇಕಲ್ಲ, ಆದ್ದರಿಂದ ಮೊದಮೊದಲ ವರ್ಷಗಳಲ್ಲಿ ಅದೂ ದುರ್ಲಭ.

ಹೆಂಗಸರ ದುಡಿಮೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬಂದ ಹದಿನೆಂಟು ವಿವಾಹಿತ ಹೆಂಗಸರಲ್ಲಿ 1621ರ ಸುಗ್ಗಿಯ ಹೊತ್ತಿಗೆ ಉಳಿದವರು ನಾಲ್ಕೇ ಜನ. ಐವತ್ತು ಜನರ ಅಡುಗೆ, ಬಟ್ಟೆ, ರೋಗಿಗಳ ಆರೈಕೆ, ಕೂಸುಗಳು, ಎಲ್ಲಾ ಈ ನಾಲ್ವರು ಮತ್ತು ಕೆಲವು ಹುಡುಗಿಯರ ಮೇಲೆ. ಮೊದಲಿಗೆ ಎಲ್ಲರೂ ಒಟ್ಟಿಗೆ ದುಡಿದು ಒಂದೇ ಕಣಜಕ್ಕೆ ತುಂಬುವ ಏರ್ಪಾಡಿತ್ತು. ತಮ್ಮ ಹೆಂಡಂದಿರು ಪರರ ಬಟ್ಟೆ ಒಗೆದು, ಪರರಿಗೆ ಅಡುಗೆ ಮಾಡುವುದು ಜೀತದ ಹಾಗೆ ಎಂದು ಗಂಡಂದಿರು ಮುನಿಸಿಕೊಂಡರು ಎಂದು ಬ್ರಾಡ್‌ಫರ್ಡ್ ಬರೆಯುತ್ತಾನೆ. 1623ರಲ್ಲಿ ಮನೆಮನೆಗೆ ಬೇರೆ ಜಮೀನು ಕೊಟ್ಟಾಗ ಹೆಂಗಸರು ಚಿಕ್ಕ ಮಕ್ಕಳನ್ನೂ ಕರೆದುಕೊಂಡು ತಾವಾಗಿಯೇ ಜೋಳ ಬಿತ್ತಲು ಹೋದರಂತೆ. ಗಂಡಂದಿರ ಮುನಿಸು ದಾಖಲೆಯಲ್ಲಿದೆ. ಆ ನಾಲ್ವರು ಹೆಂಗಸರು ಸ್ವತಃ ಬರೆದ ಒಂದು ಸಾಲೂ ನಮಗೆ ಉಳಿದಿಲ್ಲ. ಈ ಕಾಲದ ಪಾಠ ಮಾಡುವಾಗೆಲ್ಲ ನನಗೆ ತುಂಬಾ ಬೇಜಾರಾಗುತ್ತಿದ್ದದ್ದು ಇಲ್ಲಿಯೇ.

ಬಟ್ಟೆಯ ವಿಷಯ ಬೇಗ ಮುಗಿಸುತ್ತೇನೆ. ಬರೀ ಕಪ್ಪು ಬಟ್ಟೆ, ಟೋಪಿಗೆ ಬಕಲ್ ಎಂಬ ಚಿತ್ರ ಆಮೇಲಿನವರ ಕಲ್ಪನೆ. ಬ್ರಾಡ್‌ಫರ್ಡ್ ಸತ್ತಾಗ ಬರೆದ ಆಸ್ತಿ ಪಟ್ಟಿಯಲ್ಲಿ ನೇರಳೆ ಬಣ್ಣದ ನಿಲುವಂಗಿಯೂ ಇದೆ, ಕೆಂಪು ವೇಸ್ಟ್‌ಕೋಟೂ ಇದೆ. ಗಿಡಮೂಲಿಕೆಯ ಬಣ್ಣದ ಉಣ್ಣೆ ಬಟ್ಟೆ ಮೇಲೆ, ನಾರುಬಟ್ಟೆಯ ಒಳಂಗಿ ಕೆಳಗೆ. ಒಗೆಯುತ್ತಿದ್ದದ್ದು ಒಳಂಗಿ ಮಾತ್ರ. ಸ್ನಾನ ಅಪರೂಪ.

ಇನ್ನು ಮಕ್ಕಳು. ಆರೇಳು ವರ್ಷದವರೆಗೆ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಒಂದೇ ಥರ ಉದ್ದ ಲಂಗದಂಥ ಅಂಗಿ ಹಾಕುತ್ತಿದ್ದರು. ನಿಮ್ಮ ಮಗಳ ವಯಸ್ಸಿನ ಹುಡುಗಿ ಆಗಲೇ ಅರ್ಧ ಗೃಹಿಣಿ. ಹಳ್ಳದಿಂದ ನೀರು ತರಬೇಕು, ಕೂಸು ನೋಡಿಕೊಳ್ಳಬೇಕು, ಹೊಲದಲ್ಲಿ ಹಕ್ಕಿ ಓಡಿಸಬೇಕು, ಸಮುದ್ರದ ದಡದಲ್ಲಿ ಚಿಪ್ಪು ಆರಿಸಬೇಕು. ಶುರುವಿನಲ್ಲಿ ಶಾಲೆ ಇರಲಿಲ್ಲ. ಬೈಬಲ್ ಓದಲು ಬರಲಿ ಎಂದು ಅಪ್ಪ ಅಮ್ಮನೇ ಅಕ್ಷರ ಕಲಿಸುತ್ತಿದ್ದರು. ಪಕ್ಕದ ಮ್ಯಾಸಚೂಸೆಟ್ಸ್ ಬೇ ವಸಾಹತಿನಲ್ಲಿ 50 ಮನೆ ಇರುವ ಊರು ಓದು ಬರಹ ಕಲಿಸಲು ಒಬ್ಬರನ್ನು ನೇಮಿಸಲೇಬೇಕು ಎಂಬ ಕಾನೂನು 1647ರಲ್ಲಿ ಬಂತು. ಎಷ್ಟೋ ಮಕ್ಕಳನ್ನು ಕೆಲಸ ಕಲಿಯಲೆಂದು ಬೇರೆಯವರ ಮನೆಯಲ್ಲಿ ವರ್ಷಗಟ್ಟಲೆ ಬಿಡುತ್ತಿದ್ದರು.

ಆಟವೂ ಇತ್ತು, ತಂಟೆಯೂ ಇತ್ತು. ಬಿಲ್ಲಿಂಗ್ಟನ್ ಮನೆಯ ಹುಡುಗರ ಕಥೆ ಹೇಳಿ. ಒಬ್ಬ ಹಡಗಿನಲ್ಲೇ ಮದ್ದಿನ ಪೀಪಾಯಿ ಪಕ್ಕ ಬಂದೂಕು ಹಾರಿಸಿ ಎಲ್ಲರ ಜೀವಕ್ಕೇ ಕುತ್ತು ತಂದಿದ್ದ. ಅವನ ಅಣ್ಣ ಜಾನ್ 1621ರ ಬೇಸಿಗೆಯಲ್ಲಿ ಕಾಡಿನಲ್ಲಿ ದಾರಿ ತಪ್ಪಿದ. ಐದು ದಿನ ಕಾಡಿನ ಹಣ್ಣು ತಿಂದು ಅಲೆದ. ಕೊನೆಗೆ ಸಿಕ್ಕಿದ್ದು ಕೇಪ್ ಕಾಡ್‌ನ ನಾಸೆಟ್ ಜನರ ಹತ್ತಿರ. ಹೌದು, ಅದೇ ನಾಸೆಟ್ ಜನ, ಯಾರ ಹಗೇವಿನಿಂದ ಇವರು ಜೋಳ ಎತ್ತಿಕೊಂಡು ಬಂದಿದ್ದರೋ ಅವರು. ಅವರು ಹುಡುಗನಿಗೆ ಏನೂ ಮಾಡಲಿಲ್ಲ. ಮೈತುಂಬ ಮಣಿಸರ ಹಾಕಿ ವಾಪಸ್ ಕೊಟ್ಟರು. ಆ ಹೊತ್ತಿಗೇ ಇವರು ಜೋಳಕ್ಕೆ ಬದಲು ಕೊಡುತ್ತೇವೆ ಎಂದು ಮಾತು ಕೊಟ್ಟರು, ಆಮೇಲೆ ಕೊಟ್ಟರು ಕೂಡ.

ಭಾನುವಾರ ಕೆಲಸ ಇಲ್ಲ, ದಿನವಿಡೀ ಪ್ರಾರ್ಥನೆ. ಕ್ರಿಸ್‌ಮಸ್ ಮಾತ್ರ ಮಾಡುತ್ತಿರಲಿಲ್ಲ, ಬೈಬಲ್‌ನಲ್ಲಿ ಹಾಗೆ ಹೇಳಿಲ್ಲ ಎಂಬುದು ಅವರ ನಂಬಿಕೆ. 1621ರ ಕ್ರಿಸ್‌ಮಸ್ ದಿನ ಹೊಸದಾಗಿ ಬಂದವರು ಕೆಲಸ ಬಿಟ್ಟು ಬೀದಿಯಲ್ಲಿ ಚೆಂಡಾಟ ಆಡುತ್ತಿದ್ದಾಗ ಬ್ರಾಡ್‌ಫರ್ಡ್ ಬಂದು ಚೆಂಡು ಕಿತ್ತುಕೊಂಡ.

ಆ ಪ್ರಸಿದ್ಧ ಹಬ್ಬ 1621ರ ಶರತ್ಕಾಲದ್ದು. ಮೂರು ದಿನ ನಡೆಯಿತು. ಇಂಗ್ಲಿಷರು ಐವತ್ತು ಜನ, ವಾಂಪನೋಗ್ ನಾಯಕ ಮ್ಯಾಸಸೊಯಿಟ್ ಜೊತೆ ಬಂದವರು ತೊಂಬತ್ತು ಜನ. ಅವರೇ ಐದು ಜಿಂಕೆ ಬೇಟೆಯಾಡಿ ತಂದರು. ಆಲೂಗಡ್ಡೆ ಇರಲಿಲ್ಲ, ಕುಂಬಳದ ಸಿಹಿ ಕಡುಬೂ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಮುಂದಿನ ಐವತ್ತು ವರ್ಷದಲ್ಲಿ ಸಂಬಂಧ ಕೆಟ್ಟದ್ದಕ್ಕೆ ದಿನನಿತ್ಯದ ಬದುಕಿನಲ್ಲೇ ಕಾರಣ ಇತ್ತು. ಹಂದಿಯನ್ನೇ ತೆಗೆದುಕೊಳ್ಳಿ. ಇಂಗ್ಲಿಷರು ಹಂದಿಗಳನ್ನು ಮೇಯಲು ಬಿಡುತ್ತಿದ್ದರು. ವಾಂಪನೋಗ್ ಜನರ ಹೊಲಕ್ಕೆ ಬೇಲಿ ಇರುವ ಪದ್ಧತಿಯೇ ಇಲ್ಲ. ಹಂದಿ ಜೋಳದ ಹೊಲಕ್ಕೆ ನುಗ್ಗುತ್ತದೆ, ಹಗೇವು ತೋಡುತ್ತದೆ, ದಡದ ಚಿಪ್ಪುಗಳನ್ನು ಕೆದಕಿ ತಿನ್ನುತ್ತದೆ. ಹೆಂಗಸರು ವರ್ಷವಿಡೀ ದುಡಿದದ್ದು ಒಂದು ರಾತ್ರಿಯಲ್ಲಿ ನೆಲಸಮ. ದೂರು ಕೊಡಬೇಕಾದರೆ ಇಂಗ್ಲಿಷರ ಕೋರ್ಟಿಗೇ ಹೋಗಬೇಕು. ಅಲ್ಲಿ ಬೇಲಿ ಹಾಕಿಕೊಳ್ಳಿ ಎಂಬ ಬುದ್ಧಿವಾದ. ಜನ ಹೆಚ್ಚಾದ ಹಾಗೆ ದನ ಹೆಚ್ಚಿತು, ದನ ಹೆಚ್ಚಾದ ಹಾಗೆ ಜಮೀನು ಬೇಕಾಯಿತು. 1675ರಲ್ಲಿ ಯುದ್ಧ ಹತ್ತಿಕೊಂಡಾಗ ಎದುರು ನಿಂತವನು ಮೆಟಾಕಾಮ್, ಹಬ್ಬಕ್ಕೆ ಜಿಂಕೆ ತಂದ ಅದೇ ಮ್ಯಾಸಸೊಯಿಟ್‌ನ ಮಗ. 1676ರಲ್ಲಿ ಅವನನ್ನು ಕೊಂದು, ತಲೆಯನ್ನು ಪ್ಲಿಮತ್‌ನಲ್ಲಿ ಕಂಬಕ್ಕೆ ಸಿಕ್ಕಿಸಿ ವರ್ಷಗಟ್ಟಲೆ ಇಟ್ಟರು. ಅವನ ಚಿಕ್ಕ ಮಗನನ್ನು ಗುಲಾಮನನ್ನಾಗಿ ಮಾರಿದರು. ಎಂಟು ವರ್ಷದ ಮಗುವಿಗೆ ಇದನ್ನೆಲ್ಲ ಹೇಳಬೇಕಾ ಎಂದು ನೀವು ಯೋಚಿಸಬಹುದು. ತಲೆಯ ವಿಷಯ ಬೇಡ. ಹಂದಿಯ ವಿಷಯ ಖಂಡಿತ ಹೇಳಿ. ಯಾರ ಹೊಲಕ್ಕೆ ಯಾರ ಹಂದಿ ನುಗ್ಗಿತು ಎಂಬುದು ಯಾವ ಮಗುವಿಗೂ ಅರ್ಥವಾಗುತ್ತದೆ.

ಅಲ್ಲಿರುವ ಮ್ಯೂಸಿಯಂ ಹೆಸರು ಈಗ ಪ್ಲಿಮತ್ ಪಟುಕ್ಸೆಟ್. 2020ರಲ್ಲಿ ಹಳೆಯ ಊರಿನ ಹೆಸರನ್ನೂ ಸೇರಿಸಿಕೊಂಡರು. ಇಂಗ್ಲಿಷರ ಮನೆಗಳ ಜೊತೆ ವಾಂಪನೋಗ್ ಜನರ ಮನೆಯೂ ಅಲ್ಲಿದೆ. ಮಗಳಿಗೆ ಎರಡೂ ಕಡೆ ಒಲೆಯ ಹತ್ತಿರ ಹೋಗಿ ನಿಲ್ಲಲು ಹೇಳಿ, ಪಾತ್ರೆಯಲ್ಲಿ ಏನಿದೆ ನೋಡಲಿ.

ಹೋಗುವ ಮುಂಚೆ ಒಂದು ದಿನ ಮನೆಯಲ್ಲೇ 'ನಸಾಂಪ್' ಮಾಡಿ. ವಾಂಪನೋಗ್ ಜನರ ಗಂಜಿ ಅದು. ಒಂದೂವರೆ ಕಪ್ ಮುಸುಕಿನ ಜೋಳದ ರವೆ, ನಾಲ್ಕು ಕಪ್ ನೀರು, ಒಂದು ಕಪ್ ಸ್ಟ್ರಾಬೆರಿ ಅಥವಾ ಬ್ಲೂಬೆರಿ, ಅರ್ಧ ಕಪ್ ಕುಟ್ಟಿದ ಅಕ್ರೋಟು. ಎಲ್ಲ ಒಟ್ಟಿಗೆ ಹಾಕಿ ಕುದಿ ಬರಿಸಿ, ಉರಿ ಸಣ್ಣ ಮಾಡಿ, ತಳ ಹಿಡಿಯದಂತೆ ಕಾಲು ಗಂಟೆ ಕೈಯಾಡಿಸಿ. ಸಿಹಿ ಬೇಕಾದರೆ ಸ್ವಲ್ಪ ಮೇಪಲ್ ಸಿರಪ್. ರವೆಯನ್ನು ಅಂಗಡಿಯಿಂದ ತರುವ ಬದಲು ಒಂದು ಹಿಡಿ ಒಣ ಜೋಳವನ್ನು ಕುಟ್ಟಾಣಿಯಲ್ಲಿ ಮಗಳ ಕೈಯಲ್ಲೇ ಕುಟ್ಟಿಸಿ. ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳಲಿ.